ಎಚ್‌ಪಿವಿ ಪಾಸಿಟಿವ್ ರಿಪೋರ್ಟ್ ಬಚ್ಚಿಟ್ಟಿದ್ದ ಮಹಿಳೆ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ಈ ಪ್ರಕರಣದ ವಿವರಗಳನ್ನು ಬದಲಿಸಲಾಗಿದೆ. ಆಕೆಗೆ 43 ವರ್ಷ, ಇಬ್ಬರು ಮಕ್ಕಳು. ಗರ್ಭಕಂಠದ ಕ್ಯಾನ್ಸರ್ ತಪಾಸಣೆಯಲ್ಲಿ ಎಚ್‌ಪಿವಿ 16 ಪಾಸಿಟಿವ್ ಬಂದಿತ್ತು. ಎಚ್‌ಪಿವಿ ಎಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಲೈಂಗಿಕ ಸಂಪರ್ಕದಿಂದ ಹರಡುವ, ಈ ಕ್ಯಾನ್ಸರ್‌ಗೆ ಕಾರಣವಾಗಬಲ್ಲ ವೈರಸ್; 16 ಅದರ ಒಂದು ಬಗೆ. ಕಾಲ್ಪೊಸ್ಕೊಪಿಗೆ (ಗರ್ಭಕಂಠವನ್ನು ಲೆನ್ಸಿನಿಂದ ಹತ್ತಿರದಿಂದ ನೋಡುವ ಪರೀಕ್ಷೆ) ಕೊಟ್ಟ ದಿನ ಬರಲಿಲ್ಲ, ಎರಡನೇ ಸಲ ಕೊಟ್ಟ ದಿನವೂ ಬರಲಿಲ್ಲ. ಐದು ತಿಂಗಳಾದ ಮೇಲೆ ತಂಗಿಯೇ ಕರೆತಂದರು. ರಿಪೋರ್ಟನ್ನು ಚಿಕ್ಕದಾಗಿ ಮಡಚಿ ಬಟ್ಟೆಗಳ ಅಡಿಯಲ್ಲಿ ಇಟ್ಟಿದ್ದರಂತೆ. ಬಿಚ್ಚಿದಾಗ ಮಡಿಕೆಯ ಗೆರೆಗಳಲ್ಲಿ ಕಾಗದ ಹರಿದಿತ್ತು.

ಕ್ಯಾನ್ಸರ್ ಬಗ್ಗೆ ಆಕೆ ಕೇಳಲೇ ಇಲ್ಲ. ಕೇಳಿದ್ದು ಇದನ್ನು: “ಇದು ಎಲ್ಲಿಂದ ಬಂತು ಅಂತ ಮನೆಯವರು ಕೇಳಿದರೆ ಏನು ಹೇಳಲಿ ಮೇಡಂ? ಅವರಿಂದಲೇ ಬಂದಿದ್ದರೆ?” ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ಬೇರೆ ಯಾವ ಮಾಹಿತಿಯೂ ಕಿವಿಗೆ ಬೀಳುವುದಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡಿದೆವು.

ಲೈಂಗಿಕ ಸಂಪರ್ಕವಿರುವ ಬಹುತೇಕ ಹೆಣ್ಣು ಗಂಡುಗಳಿಗೆ ಬದುಕಿನಲ್ಲಿ ಒಮ್ಮೆಯಾದರೂ ಎಚ್‌ಪಿವಿ ತಗಲುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ದೇಹವೇ ಅದನ್ನು ಹತ್ತಿಕ್ಕುತ್ತದೆ. ಕೆಲವರಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು ಆಮೇಲೆ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಬಹುದು. ಯಾವಾಗ ಬಂತು, ಯಾರಿಂದ ಬಂತು ಎಂದು ಹೇಳುವ ಶಕ್ತಿ ಈ ಪರೀಕ್ಷೆಗಿಲ್ಲ. ಇಷ್ಟು ಹೇಳಿ ನಿಲ್ಲಿಸಬೇಕು. ಆಕೆಯ ಸಮಾಧಾನಕ್ಕಾಗಿ ‘ನಿಮ್ಮ ಗಂಡನ ತಪ್ಪಿಲ್ಲ’ ಎಂದು ಖಾತ್ರಿ ಕೊಡುವುದೂ ಸಲಹೆಗಾರರ ಕೆಲಸವಲ್ಲ. ರಿಪೋರ್ಟಿನಲ್ಲಿ ಇಲ್ಲದ್ದನ್ನು ಅದರ ಬಾಯಲ್ಲಿ ಹೇಳಿಸಬಾರದು.

ಅಳು ನಿಂತ ಮೇಲೆ ಆಕೆ ಎರಡು ಮಾತು ಹೇಳಿದರು. “ನನಗೆ ನೋವಿಲ್ಲ, ರಕ್ತಸ್ರಾವವಿಲ್ಲ. ಬೇರೆ ಕಡೆ ಪ್ಯಾಪ್ ಸ್ಮಿಯರ್ ಮಾಡಿಸಿದೆ, ನಾರ್ಮಲ್ ಬಂತು.” ಪ್ಯಾಪ್ ಸ್ಮಿಯರ್ ಎಂದರೆ ಗರ್ಭಕಂಠದ ಜೀವಕೋಶಗಳನ್ನು ಸವರಿ ತೆಗೆದು ನೋಡುವ ಪರೀಕ್ಷೆ. ಈ ಎರಡೂ ಅಪಾಯಕಾರಿ ಸಮಾಧಾನಗಳು. ಕ್ಯಾನ್ಸರ್‌ಪೂರ್ವ ಬದಲಾವಣೆಗೆ ಸಾಮಾನ್ಯವಾಗಿ ಯಾವ ಲಕ್ಷಣವೂ ಇರುವುದಿಲ್ಲ, ತಪಾಸಣೆ ಇರುವುದೇ ಅದಕ್ಕೆ. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು 70 ಶೇಕಡಾಕ್ಕೆ 16 ಮತ್ತು 18ನೇ ಬಗೆಯ ವೈರಸ್ಸೇ ಕಾರಣ. ಆದ್ದರಿಂದ ಇವು ಕಂಡರೆ ಸ್ಮಿಯರ್ ನಾರ್ಮಲ್ ಇದ್ದರೂ ಕಾಲ್ಪೊಸ್ಕೊಪಿ ಮಾಡಿಸಲು ಹೇಳುತ್ತಾರೆ. ಸೋಂಕು ಉಳಿದುಕೊಂಡು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15–20 ವರ್ಷ ಹಿಡಿಯುತ್ತದೆ. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ 5–10 ವರ್ಷ ಸಾಕು. ಐದು ತಿಂಗಳು ತಡವಾದ್ದಕ್ಕೆ ಎದೆಗುಂದಬೇಕಿಲ್ಲ, ಆದರೆ ಸೋಂಕು ಎಷ್ಟು ಹಳೆಯದೆಂದು ಗೊತ್ತಿಲ್ಲದಿರುವಾಗ ಇನ್ನೂ ಮುಂದೂಡುವಂತಿಲ್ಲ.

ಕಾಲ್ಪೊಸ್ಕೊಪಿ ಎಂದರೆ ಆಪರೇಷನ್ ಎಂದುಕೊಂಡಿದ್ದರು. ನಡೆಯುವುದನ್ನು ನಡೆಯುವ ಹಾಗೆಯೇ ಹೇಳಿದೆವು. ಯೋನಿಯನ್ನು ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್ ಎಂಬ ಸಾಧನ ಇಟ್ಟು, ಹೊರಗೇ ನಿಲ್ಲುವ ದೊಡ್ಡ ಲೆನ್ಸಿನಿಂದ ಗರ್ಭಕಂಠವನ್ನು ನೋಡುತ್ತಾರೆ. 3ರಿಂದ 5 ಶೇಕಡಾ ಅಸಿಟಿಕ್ ಆಮ್ಲ ಹಚ್ಚಿ ಸುಮಾರು ಒಂದು ನಿಮಿಷ ಕಾಯುತ್ತಾರೆ, ಕೊಂಚ ಉರಿಯಬಹುದು. ಬದಲಾದ ಜಾಗ ಬೆಳ್ಳಗಾಗುತ್ತದೆ. ಅನುಮಾನವಿದ್ದರೆ ಅಲ್ಲಿಂದ ಪರೀಕ್ಷೆಗೆ ಕೆಲವೇ ಮಿಲಿಮೀಟರ್‌ನ ತುಣುಕು ತೆಗೆಯುತ್ತಾರೆ (ಇದೇ ಬಯಾಪ್ಸಿ), ಆ ಕ್ಷಣ ಮುಟ್ಟಿನ ನೋವಿನಂಥ ಹಿಡಿತ ಬರುತ್ತದೆ. ಮುಟ್ಟಿನ ದಿನಗಳಲ್ಲಿ ಬೇಡ. ಗರ್ಭಿಣಿಯಾಗಿರುವ ಸಾಧ್ಯತೆ, ರಕ್ತ ತೆಳುಮಾಡುವ ಮಾತ್ರೆ, ಅಯೋಡಿನ್ ಅಲರ್ಜಿ ಇದ್ದರೆ ಮೊದಲೇ ತಿಳಿಸಬೇಕು. ಪ್ಯಾಡ್ ಒಯ್ಯಬೇಕು. ಬಯಾಪ್ಸಿಯಾದರೆ ಕೆಲವು ದಿನ ಕಂದು ಬಣ್ಣದ ಸ್ರಾವ ಸಹಜ. ಗಂಟೆಗೊಂದು ಪ್ಯಾಡ್ ತೊಯ್ದರೆ, ಜ್ವರ ಬಂದರೆ, ದುರ್ವಾಸನೆಯ ಸ್ರಾವ ಹೋದರೆ ತಕ್ಷಣ ಆಸ್ಪತ್ರೆಗೆ ಬರಬೇಕು.

ಗಂಡನಿಗೆ ಹೇಳಬೇಕೇ ಎಂಬ ಪ್ರಶ್ನೆ ಉಳಿದಿತ್ತು. ತಂಗಿಯನ್ನು ಹೊರಗೆ ಕೂರಿಸಿ ಮೊದಲು ಕೇಳಿದ್ದು, ಮನೆಯಲ್ಲಿ ಹೊಡೆತ ಬಡಿತ ಇದೆಯೇ ಎಂದು. ಇದ್ದಿದ್ದರೆ ಹೇಳಲೇಬೇಕೆಂದು ಒತ್ತಾಯಿಸುತ್ತಿರಲಿಲ್ಲ. ರಿಪೋರ್ಟ್ ಆಕೆಯದು, ಗುಟ್ಟೂ ಆಕೆಯದು. ಇಲ್ಲವೆಂದ ಮೇಲೆ ಹೇಳುವ ಮಾತನ್ನು ಜೊತೆಗೂಡಿ ಹೊಂದಿಸಿದೆವು: “ತಪಾಸಣೆಯಲ್ಲಿ ಒಂದು ವೈರಸ್ ಕಂಡಿದೆ. ತುಂಬಾ ಜನರಿಗೆ ಬರುವಂಥದ್ದು, ಕ್ಯಾನ್ಸರ್ ಅಂತಲ್ಲ. ಮುಂದೆ ಆಗಬಾರದು ಅಂತ ಇನ್ನೊಂದು ಪರೀಕ್ಷೆ ಇದೆ, ನೀವೂ ಬನ್ನಿ.” ಯಾರಿಂದ ಎಂಬ ಮಾತು ಬಂದರೆ “ಅದು ಡಾಕ್ಟರಿಗೂ ಹೇಳಲಾಗುವುದಿಲ್ಲ, ಅವರನ್ನೇ ಕೇಳಿ” ಎಂದರೆ ಸಾಕು. ಇದನ್ನು ಆಕೆ ಗಟ್ಟಿಯಾಗಿ ಹೇಳಿ ನೋಡಿದರು. ಮೊದಲ ಸಲ ‘ವೈರಸ್’ ಎನ್ನುವಲ್ಲೇ ದನಿ ನಿಂತಿತು.

ಕಾಲ್ಪೊಸ್ಕೊಪಿಗೆ ಗಂಡನೂ ಬಂದಿದ್ದರು. ಬಯಾಪ್ಸಿಯಲ್ಲಿ ಸಿಐಎನ್ 2 ಬಂತು: ಕ್ಯಾನ್ಸರ್ ಅಲ್ಲ, ಬಿಟ್ಟರೆ ಮುಂದೆ ಆಗಬಹುದಾದದ್ದು. ಜಾಗ ಮರಗಟ್ಟಿಸಿ, ತೆಳು ತಂತಿಯ ಕುಣಿಕೆಯಿಂದ ಆ ಭಾಗವನ್ನಷ್ಟೇ ತೆಗೆದರು. ಗರ್ಭಕೋಶಕ್ಕೆ ಕೈ ಹಚ್ಚಲಿಲ್ಲ. ನಾಲ್ಕು ವಾರ ಲೈಂಗಿಕ ಸಂಪರ್ಕ ಬೇಡವೆಂದಾಗ ಅದರ ಕಾರಣವನ್ನೂ ಇಬ್ಬರಿಗೂ ಹೇಳಿದೆವು: ಗಾಯ ಮಾಯುವ ಮುನ್ನ ರಕ್ತಸ್ರಾವ, ಸೋಂಕು ಆಗಬಹುದು. ಕಾರಣ ಹೇಳದೆ ಬಿಟ್ಟರೆ ಅದೇ ಹಳೆಯ ಅನುಮಾನಕ್ಕೆ ದಾರಿಯಾಗುತ್ತದೆ.

12 ತಿಂಗಳಿಗೆ ಮತ್ತೆ ಎಚ್‌ಪಿವಿ ಪರೀಕ್ಷೆ ಇದೆ. ಮಗಳಿಗೆ 12 ವರ್ಷ. ಎಚ್‌ಪಿವಿ ಲಸಿಕೆಗೆ 9ರಿಂದ 14 ಒಳ್ಳೆಯ ವಯಸ್ಸು. ಇರುವ ಸೋಂಕನ್ನು ಲಸಿಕೆ ವಾಸಿ ಮಾಡುವುದಿಲ್ಲವೆಂದು ಆಕೆಗೆ ಬಿಡಿಸಿ ಹೇಳಿದೆವು. 36 ವರ್ಷದ ತಂಗಿ ಒಮ್ಮೆಯೂ ತಪಾಸಣೆ ಮಾಡಿಸಿಕೊಂಡಿರಲಿಲ್ಲ. ಅವರ ಹೆಸರನ್ನು ಅಂದೇ ಬರೆದುಕೊಂಡು, ಫಲಿತಾಂಶವನ್ನು ಯಾರ ಫೋನಿಗೆ ತಿಳಿಸಬೇಕೆಂದು ಅವರನ್ನೇ ಕೇಳಿಕೊಂಡೆವು.