ಹಾಲಿನ ಚಿಂತೆ ಬಿಡಿ, ಮೊದಲು ಕೈ ನೋಡಿಕೊಳ್ಳಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಹುಚ್ಚುನಾಯಿ ರೋಗದ್ದೇ. ರೇಬೀಸ್ ಬಗ್ಗೆ ಪಶುವೈದ್ಯನಾದ ನನ್ನನ್ನು ಯಾಕೆ ಕೇಳುತ್ತಾರೆ ಅಂದರೆ, ಸತ್ತಿರುವುದು ದನ. ಮನುಷ್ಯರಿಗೂ ಇದರಲ್ಲಿ ಅಪಾಯ ಇದೆ ಅನ್ನುವುದು ಆಮೇಲೆ ಹೊಳೆಯುತ್ತದೆ. ನಾಯಿ ಕಚ್ಚಿದರೆ ಆಸ್ಪತ್ರೆಗೆ ಹೋಗಿ ಅಂತ ಇಲ್ಲಿ ಮತ್ತೆ ಬರೆಯುವುದಿಲ್ಲ. ಅದು ಎಲ್ಲರಿಗೂ ಗೊತ್ತು. ಮೊದಲು ಈ ಪತ್ರ ಓದಿ.

ನಮ್ಮ ಹಸು ಎರಡು ದಿನ ಮೇವು ಮುಟ್ಟಲಿಲ್ಲ. ಒಂದೇ ಸಮ ಜೊಲ್ಲು, ಕೂಗಾಟ. ಮೆಕ್ಕೆಜೋಳದ ತೆನೆ ಗಂಟಲಲ್ಲಿ ಸಿಕ್ಕಿರಬೇಕು ಅಂತ ಕೈ ಹಾಕಿ ನೋಡಿದೆ, ಏನೂ ಸಿಗಲಿಲ್ಲ. ನಾಲ್ಕನೇ ದಿನ ಸತ್ತಿತು. ಒಂದೂವರೆ ತಿಂಗಳ ಹಿಂದೆ ಅದಕ್ಕೆ ಬೀದಿನಾಯಿ ಕಚ್ಚಿತ್ತು. ಅದರ ಹಾಲು ನಾವೂ ಕುಡಿದಿದ್ದೇವೆ, ಅಕ್ಕಪಕ್ಕದ ಮನೆಗೂ ಹಾಕಿದ್ದೇವೆ. ಹಾಲು ಕುಡಿದವರೆಲ್ಲ ಇಂಜೆಕ್ಷನ್ ಮಾಡಿಸಿಕೊಳ್ಳಬೇಕಾ ಡಾಕ್ಟ್ರೇ? (ಜಗಳೂರು ತಾಲ್ಲೂಕಿನ ಓದುಗರು)

ಇಂಥ ಪತ್ರ ಪ್ರತಿ ವರ್ಷ ಬರುತ್ತದೆ. ಊರು ಬೇರೆ, ಕಥೆ ಅದೇ. ಕೇಳುವುದೆಲ್ಲ ಹಾಲಿನ ವಿಷಯ. ಕೈ ಹಾಕಿದ್ದು ಮಾತ್ರ ಹಾಗೇ ಸುಮ್ನೆ ಹೇಳಿದ ಮಾತು. ಸ್ವಾಮಿ, ನೀವು ಪೆನ್ನು ಹಿಡಿಯುವ ಬದಲು ಬಸ್ಸು ಹಿಡಿಯಬೇಕಿತ್ತು. ಇನ್ನೂ ಆಸ್ಪತ್ರೆಗೆ ಹೋಗಿಲ್ಲ ಅಂದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಹೊರಡಿ. ಜಗಳೂರಿನಲ್ಲೇ ತೋರಿಸಿ, ಇಲ್ಲಾ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೆ ಬನ್ನಿ. "ಹುಚ್ಚು ಹಿಡಿದಿದ್ದ ಹಸುವಿನ ಬಾಯಿಗೆ ಕೈ ಹಾಕಿದ್ದೆ" ಅಂತ ಬಾಯಿಬಿಟ್ಟು ಹೇಳಿ. "ನಾಯಿ ಏನೂ ಕಚ್ಚಿಲ್ಲ" ಅಂತ ಮಾತು ಶುರು ಮಾಡಿದರೆ ನಿಮ್ಮನ್ನು ವಾಪಸ್ ಕಳಿಸಿಯಾರು.

ವೈರಸ್ ಇರುವುದು ಜೊಲ್ಲಿನಲ್ಲಿ. ಒಳಗೆ ಹೋಗಲು ಅದಕ್ಕೆ ಹಲ್ಲೇ ಆಗಬೇಕೆಂದಿಲ್ಲ, ಚರ್ಮದಲ್ಲಿ ಒಂದು ಬಿರುಕು ಸಾಕು. ಕಣ್ಣು, ಬಾಯಿಯ ಒಳಪದರವಾದರೆ ಬಿರುಕೂ ಬೇಡ. ಮೆಕ್ಕೆಜೋಳ ಮುರಿಯುವ ಕಾಲದಲ್ಲಿ ನಿಮ್ಮ ಕೈ ಒಮ್ಮೆ ನೋಡಿಕೊಳ್ಳಿ. ಗರಿ ಕೊಯ್ದ ಗೀರು, ಉಗುರಿನ ಬುಡದಲ್ಲಿ ಎದ್ದ ಸಿಪ್ಪೆ, ಬೆರಳ ಸಂದಿಯಲ್ಲಿ ಒಡಕು. ಆ ಕೈ ಮೊಣಕೈವರೆಗೆ ಹಸುವಿನ ಬಾಯೊಳಗೆ ಹೋಗುತ್ತದೆ. ದನದ ದವಡೆ ಹಲ್ಲಿನ ಅಂಚು ಎಷ್ಟು ಚೂಪು ಅಂತ ಕೈ ಹಾಕಿದವರಿಗೇ ಗೊತ್ತು. ಹೊರಗೆ ತೆಗೆದಾಗ ಎರಡು ಹೊಸ ಗೀರು ಬಿದ್ದಿರುತ್ತವೆ, ಅವುಗಳ ಮೇಲೆಲ್ಲ ಜೊಲ್ಲು. ನೀವು ಅದನ್ನು ಪಂಚೆಗೆ ಒರೆಸಿಕೊಂಡು ಟೀ ಕುಡಿಯಲು ಕೂರುತ್ತೀರಿ.

ಅಲ್ಲಿಂದ ವೈರಸ್ ನರ ಹಿಡಿದು ಮೆದುಳಿನ ಕಡೆ ಹೊರಡುತ್ತದೆ. ಭದ್ರಾ ನಾಲೆಯ ನೀರು ಕೊನೆಭಾಗದ ಗದ್ದೆಗೆ ಎಷ್ಟೋ ಸಲ ತಲುಪುವುದೇ ಇಲ್ಲ. ಇದು ಹಾಗಲ್ಲ, ದಾರಿಯಲ್ಲಿ ತಡೆಯದಿದ್ದರೆ ನಿಧಾನವಾಗಿಯಾದರೂ ತಲುಪುತ್ತದೆ. ಸಾಮಾನ್ಯವಾಗಿ ಎರಡು ಮೂರು ತಿಂಗಳು. ಒಂದು ವಾರಕ್ಕೇ ಲಕ್ಷಣ ಬಂದದ್ದೂ ಉಂಟು, ವರ್ಷ ಹಿಡಿದದ್ದೂ ಉಂಟು. ಮುಖ, ಕುತ್ತಿಗೆಗೆ ಕಚ್ಚಿದರೆ ದಾರಿ ಹತ್ತಿರ. ಇಂಜೆಕ್ಷನ್ ಕೆಲಸ ಮಾಡುವುದು ಈ ಪ್ರಯಾಣದ ಸಮಯದಲ್ಲಿ ಮಾತ್ರ. ಮೆದುಳು ಮುಟ್ಟಿ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ "ಹದಿನೈದು ದಿನ ಆಗೋಯ್ತು, ಇನ್ನೇನು ಪ್ರಯೋಜನ" ಅನ್ನಬೇಡಿ. ತಡವಾಗಿದ್ದರೂ ಹೋಗಿ.

ಈಗ ಹಸುವಿನ ಮಾತು. ಜೊಲ್ಲು ಸುರಿದದ್ದು ಗಂಟಲಲ್ಲಿ ತೆನೆ ಸಿಕ್ಕಿದ್ದಕ್ಕಲ್ಲ. ಗಂಟಲ ಸ್ನಾಯು ಸೋತು ನುಂಗಲು ಆಗಲಿಲ್ಲ, ಅದಕ್ಕೆ. ಕೂಗು ಗೊಗ್ಗರು ಆಗಿರುತ್ತದೆ. ಸಗಣಿ ಹಾಕಲು ತಿಣುಕುತ್ತದೆ, ಮಲಬದ್ಧತೆ ಅಂದುಕೊಂಡು ಎಣ್ಣೆ ಕುಡಿಸುತ್ತಾರೆ. ಕೆಲವು ಹಸು ಬೇರೆ ದನದ ಮೇಲೆ ಹಾರುತ್ತವೆ, ಬೆದೆಗೆ ಬಂದಿದೆ ಅಂತ ಕೃತಕ ಗರ್ಭಧಾರಣೆಗೆ ಫೋನ್ ಮಾಡಿದವರೂ ಇದ್ದಾರೆ. ಕೊನೆಗೆ ಹಿಂಗಾಲು ಎಳೆಯುತ್ತದೆ, ಬೀಳುತ್ತದೆ. ಕಾಲುಬಾಯಿ ಜ್ವರದಲ್ಲೂ ಜೊಲ್ಲು ಬರುತ್ತದಲ್ವಾ ಅಂತ ಕೇಳುತ್ತೀರಿ. ಬರುತ್ತದೆ, ಬಾಯಲ್ಲಿ, ಗೊರಸಿನ ಸಂದಿಯಲ್ಲಿ ಹುಣ್ಣೂ ಇರುತ್ತವೆ. ಆದರೆ ಅದನ್ನು ನೋಡುವ ಕೆಲಸ ನಿಮ್ಮದಲ್ಲ. ನಾನು ಮುಂಚೆಯೇ ಲಸಿಕೆ ಹಾಕಿಸಿಕೊಂಡವನು. ಆದರೂ ಜೊಲ್ಲು ಸುರಿಸುವ ದನದ ಬಾಯಿಗೆ ಬರಿಗೈ ಹಾಕುವುದಿಲ್ಲ. ನೀವು ಯಾಕೆ ಹಾಕುತ್ತೀರಿ?

ಸರಿ, ಹಾಲು. ಕಾಯಿಸಿದ ಹಾಲಿನಲ್ಲಿ ಈ ವೈರಸ್ ಬದುಕುವುದಿಲ್ಲ. ಹಾಲಿನಿಂದ ಮನುಷ್ಯರಿಗೆ ರೇಬೀಸ್ ಬಂದದ್ದು ಎಲ್ಲೂ ಖಚಿತವಾಗಿಲ್ಲ. ಹಾಗಂತ ಹುಚ್ಚು ಹಿಡಿದ ಹಸುವಿನ ಹಾಲು ಕರೆಯಬೇಡಿ, ಮಾರಬೇಡಿ. ಹಸಿ ಹಾಲನ್ನೇ ಕುಡಿದವರಿದ್ದರೆ ವೈದ್ಯರಿಗೆ ಹೇಳಲಿ, ಏನು ಮಾಡಬೇಕು ಅಂತ ಅವರು ತೀರ್ಮಾನ ಮಾಡುತ್ತಾರೆ. ಕಾಫಿ, ಟೀ ಕುಡಿದವರು ಮನೆಯಲ್ಲಿರಲಿ. ಆದರೆ ಆಗುವುದೇ ಬೇರೆ. ಹಾಲು ಕುಡಿದ ಓಣಿಯವರೆಲ್ಲ ಟ್ರ್ಯಾಕ್ಟರ್ ಹತ್ತಿ ಆಸ್ಪತ್ರೆಗೆ ಬರುತ್ತಾರೆ. ಕೈ ಹಾಕಿದವರು ಎಲ್ಲಿ ಅಂದರೆ "ಅವರು ದನ ಹೂಳೋಕೆ ಗುಂಡಿ ತೋಡಿಸ್ತಿದಾರೆ ಸಾರ್" ಅನ್ನುತ್ತಾರೆ!

ನಿಮ್ಮ ಮನೆಯಲ್ಲಿ ಇನ್ನೂ ಯಾರು ಹೋಗಬೇಕು ಅಂತ ಕೂತು ನೆನಪು ಮಾಡಿಕೊಳ್ಳಿ. ಗೊಟ್ಟ ಇಟ್ಟು ಔಷಧಿ ಕುಡಿಸಿದವರು, ನಾಲಿಗೆ ಎಳೆದು ಹಿಡಿದವರು, ಸೆರಗಿನಿಂದ ಅದರ ಮೂತಿ ಒರೆಸಿದವರು, ಕಲಗಚ್ಚಿನ ಬಾನಿಯನ್ನು ಬರಿಗೈಯಲ್ಲಿ ಉಜ್ಜಿದವರು. ಬಾಲ ಹಿಡಿದವನಿಗೆ ಬೇಡ.

ಆಸ್ಪತ್ರೆಯಲ್ಲಿ ಎರಡೂ ತೋಳಿನ ಚರ್ಮದೊಳಗೆ ಕೊಡುವ ಲಸಿಕೆಯಾದರೆ 0, 3, 7, 28ನೇ ದಿನ. ತೋಳಿನ ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28. ಮೊದಲ ಇಂಜೆಕ್ಷನ್ ದಿನವೇ 0. ಗೀರಿನ ಮೇಲೆ ಜೊಲ್ಲು ಬಿದ್ದಿದ್ದರೆ ಇಮ್ಯುನೊಗ್ಲಾಬ್ಯುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಕೂಡ ಬೇಕು, ಅದನ್ನು ಗಾಯದ ಒಳಗೆ, ಸುತ್ತ ಕೊಡುತ್ತಾರೆ. ಮೊದಲ ಲಸಿಕೆಯಾಗಿ ಏಳು ದಿನ ದಾಟಿದ ಮೇಲೆ ಅದನ್ನು ಕೊಡುವುದಿಲ್ಲ. ಹಾಗಾಗಿ ಮೊದಲ ದಿನವೇ ಕೇಳಿ. ಮೂರು ಡೋಸ್ ಮುಗಿಸಿ ನಾಲ್ಕನೆಯದಕ್ಕೆ ಅಡಿಕೆ ಕೊಯ್ಲು, ಮದುವೆ, ಜಾತ್ರೆ ಅಂತ ನೆಪ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಮುಂದೆ ದನ ಹೀಗೆ ಸತ್ತರೆ ಚರ್ಮ ಸುಲಿಸಬೇಡಿ. ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ. ಹೂಳುವ ಮುಂಚೆ ಪಶು ಆಸ್ಪತ್ರೆಗೆ ತಿಳಿಸಿ. ರೋಗ ಖಚಿತವಾಗುವುದು ಮೆದುಳಿನ ಪರೀಕ್ಷೆಯಿಂದ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅದಕ್ಕೆ ಲ್ಯಾಬ್ ಇದೆ. ವರದಿ ಬರಲಿ ಅಂತ ಇಂಜೆಕ್ಷನ್‌ಗೆ ಕಾಯಬೇಡಿ.

ನಾಯಿ ಕಚ್ಚಿದ ದಿನವೇ ಟಿಟಿ ಮಾಡಿಸಿದ್ದೇನೆ. ಸಾಕಲ್ವಾ? (ಹರಿಹರ)

ಸಾಲದು. ಟಿಟಿ ಧನುರ್ವಾಯುವಿಗೆ. ರೇಬೀಸ್‌ಗೂ ಅದಕ್ಕೂ ಸಂಬಂಧವೇ ಇಲ್ಲ.

ಎರಡು ತಿಂಗಳ ಮರಿ ಆಟಕ್ಕೆ ಕಚ್ಚಿದರೂ ಬೇಕಾ? (ಹೊಳಲ್ಕೆರೆ)

ಬೇಕು. ಮರಿಗೂ ರೋಗ ಬರುತ್ತದೆ.

ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅಂತ ನಮ್ಮ ತಂದೆ ಹೆದರುತ್ತಿದ್ದಾರೆ. (ಚಿತ್ರದುರ್ಗ)

ಅದು ಕುರಿಯ ಮೆದುಳಿನಿಂದ ಮಾಡುತ್ತಿದ್ದ ಹಳೇ ಲಸಿಕೆ. ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತುಹೋಗಿದೆ. ಈಗ ಎಲ್ಲ ತೋಳಿಗೇ.

ಇಲಿ ಕಚ್ಚಿದೆ. (ಹಿರಿಯೂರು)

ಇಲಿ, ಅಳಿಲಿಗೆ ರೇಬೀಸ್ ಇಂಜೆಕ್ಷನ್ ಸಾಮಾನ್ಯವಾಗಿ ಬೇಕಿಲ್ಲ. ಗಾಯ ತೊಳೆದು ವೈದ್ಯರಿಗೆ ತೋರಿಸಿ. ಮುಂಗುಸಿ, ನರಿ, ತೋಳ, ಕರಡಿಯಾದರೆ ಓಡಿ.

ನಮ್ಮ ಕಡೆ ಒಬ್ಬರು ಸೊಪ್ಪಿನ ರಸ ಕೊಡುತ್ತಾರೆ. ನೂರಾರು ಜನಕ್ಕೆ ವಾಸಿಯಾಗಿದೆ. ಪಥ್ಯ ಮಾಡಬೇಕಷ್ಟೆ. (ಚಳ್ಳಕೆರೆ)

ವಾಸಿಯಾಗಿದ್ದು ಏನು? ಕಚ್ಚುವ ನಾಯಿಗಳೆಲ್ಲ ಹುಚ್ಚುನಾಯಿಗಳಲ್ಲ. ರೋಗವೇ ಇಲ್ಲದ ನಾಯಿ ಕಚ್ಚಿದವನಿಗೆ ಸೊಪ್ಪಿನ ರಸ ಕೊಟ್ಟರೂ ಬದುಕುತ್ತಾನೆ, ಮಜ್ಜಿಗೆ ಕೊಟ್ಟರೂ ಬದುಕುತ್ತಾನೆ. ಹೆಸರು ಸೊಪ್ಪಿನವರಿಗೆ. ನಿಜವಾದ ಹುಚ್ಚುನಾಯಿ ಕಚ್ಚಿದವನು ಎರಡು ತಿಂಗಳಾದ ಮೇಲೆ ಸಾಯುತ್ತಾನೆ, ಆಗ "ಪಥ್ಯ ಕೆಡಿಸಿದ, ಬದನೆಕಾಯಿ ತಿಂದ" ಅನ್ನುತ್ತಾರೆ. ಪಥ್ಯ ಇರುವುದೇ ಈ ಮಾತಿಗೆ. ಗಾಯಕ್ಕೆ ಖಾರದಪುಡಿ, ಸುಣ್ಣ, ಅರಿಶಿನ ತುಂಬುವುದೂ ಅದೇ ಜಾತಿಯ ಕೆಲಸ. ಹರಿಯುವ ನೀರು, ಬಟ್ಟೆ ಸೋಪಾದರೂ ಸರಿ, ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆಯಿರಿ. ಐದು ನಿಮಿಷ ತೊಳೆದು ಹದಿನೈದು ಅನ್ನುವವರೇ ಜಾಸ್ತಿ.

ಕಚ್ಚಿದ ನಾಯಿಯನ್ನು ಊರವರು ಹೊಡೆದು ಸಾಯಿಸಿದರು. ಇನ್ನು ಅಪಾಯ ಇಲ್ಲ ಅಲ್ವಾ? (ಹೊಸದುರ್ಗ)

ನಾಯಿ ಸತ್ತರೆ ನಿಮ್ಮ ಗಾಯದಲ್ಲಿರುವುದು ಸಾಯುವುದಿಲ್ಲ. ಕಟ್ಟಿಹಾಕಿ 10 ದಿನ ನೋಡಿದ್ದರೆ, ನಾಯಿ ಚೆನ್ನಾಗಿಯೇ ಇದ್ದರೆ, ಮುಂದಿನ ಡೋಸ್ ನಿಲ್ಲಿಸಬಹುದಾ ಅಂತ ವೈದ್ಯರು ಹೇಳುತ್ತಿದ್ದರು. ಈ ಲೆಕ್ಕ ನಾಯಿ, ಬೆಕ್ಕಿಗೆ ಮಾತ್ರ. ಈಗ ಆ ದಾರಿಯೂ ಇಲ್ಲ. ಕೋರ್ಸ್ ಪೂರ್ತಿ ಮುಗಿಸಿ. ಸತ್ತ ನಾಯಿಯನ್ನು ಎಳೆದು ಹಾಕಿದವರು ಬರಿಗೈಯಲ್ಲಿ ಮುಟ್ಟಿದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.