ಆಪ್ತಸಲಹೆ ಪ್ರಕರಣ: 1,000 ಕ್ಯಾಲೊರಿಯ ಹಟ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಬಳಿ ಬಂದ ಆ ಮಹಿಳೆಗೆ 42 ವರ್ಷ. ಎತ್ತರ 158 ಸೆಂ.ಮೀ., ತೂಕ 72 ಕೆ.ಜಿ. ಕೂತು ಮಾಡುವ ಕೆಲಸ, ಮನೆಗೆಲಸ, ಸಂಜೆ ಅರ್ಧ ಗಂಟೆ ನಡಿಗೆ. ತೂಕ ಇಳಿಸುವ ದಾರಿ ಕೇಳಲು ಅವರು ಬಂದಿರಲಿಲ್ಲ. "ನನಗೆ ಮನಸ್ಸಿನ ಮೇಲೆ ಹಿಡಿತವೇ ಇಲ್ಲ, ಅದಕ್ಕೇನಾದ್ರೂ ಮಾಡಿ" ಎಂದರು. ದಿನಕ್ಕೆ 1,000 ಕ್ಯಾಲೊರಿ ಎಂದು ಮೊಬೈಲ್ ಆ್ಯಪ್‌ನಲ್ಲಿ ತಾವೇ ಗುರಿ ಹಾಕಿಕೊಂಡಿದ್ದರು. ಸೋಮವಾರದಿಂದ ಗುರುವಾರದವರೆಗೆ ಲೆಕ್ಕ ಕರಾರುವಾಕ್ಕು. ಶುಕ್ರವಾರ ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ನಿಂತೇ ತಿನ್ನುವುದು, ಆಮೇಲೆ ಅಳು. ಶನಿವಾರ, ಭಾನುವಾರ ಆ್ಯಪ್ ತೆರೆಯುವುದೇ ಇಲ್ಲ.

"ನಾಲ್ಕು ದಿನ ಸರಿಯಾಗಿರ್ತೀನಿ ಮೇಡಂ. ಐದನೇ ದಿನ ನನ್ನ ಕೈ ನನ್ನ ಮಾತು ಕೇಳಲ್ಲ."

ತಿಂದ ಮೇಲೆ ವಾಂತಿ ಮಾಡಿಕೊಳ್ಳುವುದುಂಟೇ, ಭೇದಿಯಾಗಲೆಂದು ಮಾತ್ರೆ ನುಂಗುವುದುಂಟೇ ಎಂದು ಮೊದಲು ಕೇಳಿದೆ. ಇರಲಿಲ್ಲ. ಇದ್ದಿದ್ದರೆ ಅಂಕಿಗಳ ಮಾತೇ ಎತ್ತದೆ ಮನೋವೈದ್ಯರ ಬಳಿ ಕಳಿಸುತ್ತಿದ್ದೆ. ಥೈರಾಯ್ಡ್, ಸಕ್ಕರೆ ಪರೀಕ್ಷೆಗಳನ್ನು ಅವರ ವೈದ್ಯರು ಆಗಲೇ ಮಾಡಿಸಿದ್ದರು, ತೊಂದರೆ ಇರಲಿಲ್ಲ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು, ಇನ್ಸುಲಿನ್ ತೆಗೆದುಕೊಳ್ಳುವವರು ಮುಂದಿನ ಲೆಕ್ಕವನ್ನು ತಾವಾಗಿಯೇ ಅನುಸರಿಸಬಾರದು.

ಕಾಗದದ ಮೇಲೆ ಇಬ್ಬರೂ ಸೇರಿ ಲೆಕ್ಕ ಹಾಕಿದೆವು. 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರದ ಪ್ರಕಾರ, ಮಹಿಳೆಯರಿಗೆ ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಬೇಕು. ಅದರಿಂದ ವಯಸ್ಸಿನ ಐದು ಪಟ್ಟನ್ನೂ 161ನ್ನೂ ಕಳೆಯಬೇಕು. ಅವರಿಗೆ ಬಂದದ್ದು ಸುಮಾರು 1,335. ದಿನವಿಡೀ ಸುಮ್ಮನೆ ಮಲಗಿದ್ದರೂ ದೇಹ ಖರ್ಚು ಮಾಡುವಷ್ಟು ಅದು. ಹಗುರ ಚಟುವಟಿಕೆಗೆ 1.375ರಿಂದ ಗುಣಿಸಿದರೆ 1,840ರ ಆಸುಪಾಸು. ಸೂತ್ರ ಅಂದಾಜು ಮಾತ್ರ, ಹತ್ತು ಪ್ರತಿಶತ ಆಚೀಚೆ ಆಗಬಹುದು. ಹೇಗೇ ನೋಡಿದರೂ 1,000 ಎಂದರೆ ಅಗತ್ಯದ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ.

ಆಗ ಅವರಿಗೆ ಮಿನ್ನೆಸೋಟ ವಿಶ್ವವಿದ್ಯಾಲಯದ ಪ್ರಯೋಗದ ಕಥೆ ಹೇಳಿದೆ. 1944–45ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ 24 ವಾರ, ಬೇಕಿದ್ದುದರ ಸುಮಾರು ಅರ್ಧದಷ್ಟೇ ಊಟ ಕೊಟ್ಟರು. ತತ್ವಕ್ಕಾಗಿ ಯುದ್ಧಕ್ಕೆ ಹೋಗಲು ಒಪ್ಪದ ಗಟ್ಟಿ ಮನಸ್ಸಿನವರು ಅವರು. ಅಂಥವರಿಗೂ ಹಗಲೆಲ್ಲ ಊಟದ್ದೇ ಯೋಚನೆ. ಕೆಲವರು ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರು. ಶುಕ್ರವಾರ ರಾತ್ರಿಯದು ನಿಮ್ಮ ಸ್ವಭಾವದ ದೋಷವಲ್ಲ, ಹಸಿದ ದೇಹ ತನ್ನ ಪಾಲು ಕೇಳುತ್ತಿದೆ ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಹೊಸ ಗುರಿ 1,500. "ಅಷ್ಟು ತಿಂದ್ರೆ ಇಳಿಯುತ್ತಾ?" ಎಂದರು. ಬರೆದಿಡದ ಮೂರು ದಿನಗಳದ್ದನ್ನು ನೆನಪಿನಿಂದ ಬರೆಸಿದೆ: ದಿನಕ್ಕೆ ಸುಮಾರು 2,900. ನಾಲ್ಕು ದಿನದ ಉಪವಾಸವನ್ನೂ ಸೇರಿಸಿ ಭಾಗಿಸಿದರೆ ವಾರದ ಸರಾಸರಿ 1,800 ದಾಟಿತು, ತೂಕ ಕದಲದೆ ನಿಲ್ಲುವಷ್ಟು. ಇಷ್ಟೆಲ್ಲ ನೋವು ತಿಂದೂ ಅವರಿಗೆ ಏನೂ ಸಿಕ್ಕಿರಲಿಲ್ಲ ಎಂಬುದು ನನ್ನನ್ನು ತುಂಬಾ ಕಾಡಿತು.

ಹತ್ತು ಕಿಲೋ ಇಳಿಸಬೇಕೆಂಬ ಮಾತನ್ನು ಸದ್ಯಕ್ಕೆ ಬಿಟ್ಟು, ತೂಕದ 5 ಪ್ರತಿಶತ ಅಂದರೆ 3.6 ಕಿಲೋ ಸಾಕು ಎಂದೆ. ರಕ್ತದೊತ್ತಡ, ಸಕ್ಕರೆ ಹತೋಟಿಗೆ ಅಷ್ಟರಿಂದಲೇ ಅನುಕೂಲವಾಗುತ್ತದೆ. ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ. ದಿನಕ್ಕೆ 340 ಕಡಿಮೆ ತಿಂದರೆ ಕಾಗದದ ಲೆಕ್ಕ ಹನ್ನೆರಡು ವಾರ. ತೂಕ ಇಳಿದಂತೆ ದೇಹದ ಖರ್ಚೂ ತಗ್ಗುವುದರಿಂದ ನಾಲ್ಕೈದು ತಿಂಗಳು ಇಟ್ಟುಕೊಳ್ಳಿ ಎಂದೆ. ಲೆಕ್ಕ ದಿನದ್ದಲ್ಲ, ವಾರದ್ದು: 10,500. ಒಂದು ದಿನ 1,900 ಆದರೆ ಅದು ಸೋಲಲ್ಲ, ಮರುದಿನ ಮತ್ತೆ 1,500. ಅದನ್ನು 800ಕ್ಕೆ ಇಳಿಸಿ ದಂಡ ಕಟ್ಟುವಂತಿಲ್ಲ. ಸಂಜೆ ಮನೆಗೆ ಬಂದ ತಕ್ಷಣ ತಿನ್ನಲು 200 ಮೀಸಲು. ಎಣ್ಣೆಯನ್ನು ಮಾತ್ರ ಅಳೆದೇ ಹಾಕಬೇಕು. ಒಂದು ದೊಡ್ಡ ಚಮಚದಲ್ಲೇ ಸುಮಾರು 120 ಕ್ಯಾಲೊರಿ ಇರುತ್ತದೆ. ಮುಟ್ಟಿನ ದಿನಗಳಲ್ಲಿ ನೀರು ನಿಂತು ತೂಕ ಏರುವುದರಿಂದ ವಾರದ ಸರಾಸರಿಯನ್ನಷ್ಟೇ ನೋಡಬೇಕು. ನಾಲ್ಕು ವಾರವಾದರೂ ಅದು ಅಲ್ಲಾಡದಿದ್ದರೆ 100 ಕಡಿಮೆ ಮಾಡೋಣ ಎಂದೆ.

ಇನ್ನೊಂದು ಸಂಗತಿ ಎರಡನೇ ಭೇಟಿಯಲ್ಲಿ ಹೊರಬಂತು. ವಾರವಿಡೀ ಯಾರೂ ಏನೂ ಕೇಳದ ಗಳಿಗೆ ಎಂದರೆ ಅವರಿಗೆ ಆ ಶುಕ್ರವಾರ ರಾತ್ರಿಯೊಂದೇ. ಅದಕ್ಕೆ ಕ್ಯಾಲೊರಿ ಲೆಕ್ಕದಲ್ಲಿ ಉತ್ತರವಿಲ್ಲ. ಪತಿಯನ್ನೂ ಕೂರಿಸಿಕೊಂಡು ಮಾತಾಡಿ, ವಾರದಲ್ಲಿ ಎರಡು ಸಂಜೆ ಮನೆಯ ಹೊಣೆ ಪತಿಯದು ಎಂದು ಗೊತ್ತುಮಾಡಿದೆವು.

ನಾಲ್ಕು ತಿಂಗಳ ನಂತರ ತೂಕ 69 ಕೆ.ಜಿ. ರಾತ್ರಿ ತಿನ್ನುವುದು ಪೂರ್ತಿ ನಿಂತಿಲ್ಲ, ಆದರೆ ಬರೆದಿಡುತ್ತಾರೆ, ಅಳುವುದಿಲ್ಲ. ಹೊಸ ತೂಕಕ್ಕೆ ದಿನದ ಅಗತ್ಯ ಸುಮಾರು 1,800. 1,500 ಬದಲಿಸುವ ಅಗತ್ಯ ಸದ್ಯಕ್ಕಿಲ್ಲ ಎಂದು ಹೇಳಿ ಕಳಿಸಿದ್ದೇನೆ.