ಜಪಾನಿ ಕಲಿಯಲು ಕೈ ಎಲ್ಲಿ ಬಿಗಿ ಮಾಡಬೇಕು, ಎಲ್ಲಿ ಬಿಚ್ಚಬೇಕು?

ಪ್ರಶ್ನೆ: ಜಪಾನಿ ಭಾಷೆ ಕಲಿಯುವ ಆಸೆಯಿದೆ. ತರಗತಿಗೆ ಸೇರುವಷ್ಟು ದುಡ್ಡಿಲ್ಲ. ದಿನಕ್ಕೆ ಮುಕ್ಕಾಲು ಗಂಟೆ ಸಿಗುತ್ತದೆ. ಎರಡು ತಿಂಗಳು ಒಂದು ಆಪ್‌ನಲ್ಲಿ ಕಲಿತೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರೆ ಓದಬಲ್ಲೆ, ಜಪಾನಿ ಲಿಪಿ ಕಂಡರೆ ತಲೆ ತಿರುಗುತ್ತದೆ. ಚಂದಾ ಕಟ್ಟಿ ಮುಂದುವರಿಸಲೇ?

ಉತ್ತರ: ಚಂದಾ ಬೇಡ. ಮೊದಲ ವರ್ಷಕ್ಕೆ ಬೇಕಾದ ಪಾಠ, ಧ್ವನಿ, ನಿಘಂಟು, ಓದಲು ಕಥೆ ಎಲ್ಲವೂ ಪುಕ್ಕಟೆ ಸಿಗುತ್ತವೆ. ಸುಲಭಕ್ಕೆ ಸಿಗದವರೆಂದರೆ ನಿಮ್ಮ ತಪ್ಪು ತಿದ್ದುವವರು. ಇರುವ ದುಡ್ಡನ್ನು ಅವರಿಗಾಗಿ ಎತ್ತಿಡಿ.

ಇಂಗ್ಲಿಷ್ ಅಕ್ಷರವನ್ನು ಮಾತ್ರ ಇವತ್ತೇ ಬಿಟ್ಟುಬಿಡಿ. ಅದರಲ್ಲಿ ಹ್ರಸ್ವ, ದೀರ್ಘ ಕಲಸಿಹೋಗುತ್ತವೆ. 'ಒಬಸಾನ್' ಅಂದರೆ ಅತ್ತೆ ಅಥವಾ ಚಿಕ್ಕಮ್ಮ, 'ಒಬಾಸಾನ್' ಅಂದರೆ ಅಜ್ಜಿ. 'ಕಿತೆ' ಅಂದರೆ ಬಂದು, 'ಕಿತ್ತೆ' ಅಂದರೆ ಅಂಚೆಚೀಟಿ. ಹ್ರಸ್ವ-ದೀರ್ಘ, ಒತ್ತು ಕನ್ನಡದ ಕಿವಿಗೆ ಹುಟ್ಟಿನಿಂದ ಗೊತ್ತು. ಇಂಗ್ಲಿಷ್ ಅಕ್ಷರದ ಹಾದಿ ಹಿಡಿದು ಅದನ್ನು ಕಳೆದುಕೊಳ್ಳುವುದು ದಂಡ.

ಜಪಾನಿಯ ಉಚ್ಚಾರ ಬರೆಯುವ ಲಿಪಿಗಳು ಎರಡು: ಹಿರಗಾನದಲ್ಲಿ 46 ಮೂಲ ಅಕ್ಷರ, ಕತಕಾನದಲ್ಲೂ ಅಷ್ಟೇ. ಕೋಷ್ಟಕ ನೋಡಿದರೆ ಹಳೆಯ ನೆಂಟರು ಸಿಕ್ಕಂತಾಗುತ್ತದೆ: ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ಸಂಸ್ಕೃತ ವರ್ಣಮಾಲೆಯ ಅನುಕ್ರಮ ಸಂಸ್ಕೃತ ಬರೆಯುತ್ತಿದ್ದ ಹಳೆಯ ಸಿದ್ಧಂ ಲಿಪಿಯ ಅಧ್ಯಯನದ ಮೂಲಕ ಅಲ್ಲಿಗೆ ತಲುಪಿದ್ದರ ಗುರುತು ಇದು. ದಿನಕ್ಕೆ ಒಂದು ಸಾಲು ಸಾಕು. ಗೆರೆಗಳ ಕ್ರಮ ನೋಡಿಕೊಂಡು ಐದು ಸಲ ಬರೆಯಿರಿ, ಪುಸ್ತಕ ಮುಚ್ಚಿ ನೆನಪಿನಿಂದ ಮೂರು ಸಲ, ಮರುದಿನ ಹಿಂದಿನ ಎಲ್ಲ ಸಾಲು ಒಮ್ಮೆ. ನೋಡಿಕೊಂಡು ಐವತ್ತು ಸಲ ಬರೆದರೆ ಕೈ ನೋಯುತ್ತದೆಯೇ ಹೊರತು ತಲೆಗೆ ಹತ್ತುವುದಿಲ್ಲ. ಮೂರು ನಾಲ್ಕು ವಾರದಲ್ಲಿ ಎರಡೂ ಮುಗಿಯುತ್ತವೆ. ಕತಕಾನದ ಶಿ-ತ್ಸು, ಒಂಟಿ ನ್-ಸೊ ಜೋಡಿಗಳಲ್ಲಿ ಎಲ್ಲರೂ ಎಡವುತ್ತಾರೆ. ಶಿ ಮತ್ತು ನ್‌ನ ಉದ್ದ ಗೆರೆ ಕೆಳಗಿನಿಂದ ಮೇಲಕ್ಕೆ ಏರುತ್ತದೆ, ತ್ಸು ಮತ್ತು ಸೊ ಅಕ್ಷರಗಳದ್ದು ಮೇಲಿನಿಂದ ಇಳಿಯುತ್ತದೆ. ಬರೆದು ಕಲಿತವರಿಗೆ ಇದು ಕೈಯಲ್ಲೇ ಉಳಿಯುತ್ತದೆ, ಬರೀ ನೋಡಿ ಕಲಿತವರು ವರ್ಷಗಟ್ಟಲೆ ತಡವರಿಸುತ್ತಾರೆ.

ಪಾಠಕ್ಕೆ ಜಪಾನ್ ಫೌಂಡೇಶನ್‌ನ 'ಇರೊದೊರಿ' ಪಠ್ಯಪುಸ್ತಕ ತೆಗೆದುಕೊಳ್ಳಿ. ಪಿಡಿಎಫ್, ಧ್ವನಿ ಎರಡೂ ಉಚಿತ, ಮೊದಲ ಹಂತದಲ್ಲಿ 18 ಪಾಠ. ವಾರಕ್ಕೊಂದು ಪಾಠದ ವೇಗ ಸಾಕು. ಅದರ ವಿವರಣೆಯನ್ನು ಇಂಗ್ಲಿಷ್‌ನಲ್ಲೇ ಓದಿದರೂ ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡಕ್ಕೆ ಹೊಂದಿಸಿ ನೋಡಿ. 'ಕಿನೋ ಯೊಂದ ಹೊನ್' ಎಂದರೆ ಪದಕ್ಕೆ ಪದ 'ನಿನ್ನೆ ಓದಿದ ಪುಸ್ತಕ'. 'ಯೊಂದೆ ಮಿರು' ಎಂದರೆ 'ಓದಿ ನೋಡು', ಇಲ್ಲಿ 'ಮಿರು' ಅಂದರೆ ನಮ್ಮ 'ನೋಡು'ವೇ. 'ಕುರು ತೊ ಇತ್ತ' ಎಂಬುದರ 'ತೊ' ನಮ್ಮ 'ಎಂದು': ಬರುತ್ತೇನೆ ಎಂದು ಹೇಳಿದ. ಕ್ರಿಯಾಪದ ಕೊನೆಗೆ, ಪ್ರತ್ಯಯ ನಾಮಪದದ ನಂತರ. ಇಂಗ್ಲಿಷ್ ಮಾತೃಭಾಷೆಯವರು ತಿಂಗಳುಗಟ್ಟಲೆ ಗುದ್ದಾಡುವ ಜಾಗ ಇದು, ನಿಮಗೆ ಬಾಗಿಲು ತೆರೆದೇ ಇದೆ.

ಹಾಗೆಂದು ಕನ್ನಡವನ್ನು ಪೂರ್ತಿ ನಂಬಬೇಡಿ. ನಮ್ಮ 'ಮನೆಯಲ್ಲಿ' ಅಲ್ಲಿ ಎರಡಾಗಿ ಒಡೆಯುತ್ತದೆ. ಮನೆಯಲ್ಲಿ ಇದ್ದೇನೆ ಎನ್ನಲು 'ಇಎ ನಿ ಇಮಸು', ಮನೆಯಲ್ಲಿ ಓದುತ್ತೇನೆ ಎನ್ನಲು 'ಇಎ ದೆ ಯೊಮಿಮಸು'. ಇರುವುದಕ್ಕೆ 'ನಿ', ಕೆಲಸ ನಡೆಯುವುದಕ್ಕೆ 'ದೆ'. 'ನೀವು' ಎಂದು 'ಅನತ' ಬಳಸುವುದೂ ಬೇಡ, ಹೆಸರಿಗೆ 'ಸಾನ್' ಸೇರಿಸಿ ಕರೆಯುವುದೇ ಅಲ್ಲಿನ ಮರ್ಯಾದೆ.

ಇಷ್ಟಾದ ಮೇಲೆ, ಸುಮಾರು ಎರಡು ತಿಂಗಳಿಗೆ, ದುಡ್ಡು ಬಿಚ್ಚಿ. ಆನ್‌ಲೈನ್ ಶಿಕ್ಷಕರ ಜೊತೆ ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ. ಹೊಸ ಪಾಠ ಹೇಳಿಸಿಕೊಳ್ಳಬೇಡಿ, ಅದು ಪುಸ್ತಕದಲ್ಲಿದೆ. ನೀವೇ ಬರೆದ ಹತ್ತು ವಾಕ್ಯ ಮೊದಲೇ ಕಳಿಸಿ, ತಿದ್ದಿಸಿಕೊಂಡು, ಗಟ್ಟಿಯಾಗಿ ಓದಿ ಉಚ್ಚಾರ ಸರಿಮಾಡಿಸಿಕೊಳ್ಳಿ.

ಪ್ರಶ್ನೆ: ಕಾರ್ಡ್‌ಗಳನ್ನು ಆಗಾಗ ಮತ್ತೆ ತೋರಿಸಿ ನೆನಪಿಸುವ ಆಂಕಿ ಆಪ್‌ನಲ್ಲಿ ಕಂಜಿ (ಚೀನಾದಿಂದ ಬಂದ ಜಪಾನಿ ಅಕ್ಷರ) ಕಾರ್ಡ್ ಹಾಕಿಕೊಂಡಿದ್ದೇನೆ. ಮತ್ತೆ ನೋಡಬೇಕಾದ ಕಾರ್ಡ್‌ಗಳ ಬಾಕಿ 400 ದಾಟಿದೆ, ತೆರೆಯಲೇ ಭಯ.

ಉತ್ತರ: ಆಂಕಿ ತಾನಾಗಿ ದಿನಕ್ಕೆ 20 ಹೊಸ ಕಾರ್ಡ್ ಕೊಡುತ್ತದೆ. ಒಂದೊಂದೂ ಮತ್ತೆ ಮತ್ತೆ ಮರಳಿ ಬರುವುದರಿಂದ ಕೆಲವೇ ವಾರದಲ್ಲಿ ದಿನದ ಹೊರೆ ನೂರು ದಾಟುತ್ತದೆ. ಹೊಸ ಕಾರ್ಡನ್ನು ಸೊನ್ನೆಗೆ ಇಳಿಸಿ, ದಿನಕ್ಕೆ 60ರಂತೆ ಬಾಕಿ ತೀರಿಸಿ, ಆಮೇಲೆ 5ರಿಂದ ಮತ್ತೆ ಶುರುಮಾಡಿ. ಎಂಟು ಸಲ ತಪ್ಪಿದ ಕಾರ್ಡಿಗೆ ಆಂಕಿಯೇ ಗುರುತು ಹಾಕುತ್ತದೆ. ಅದನ್ನೇ ಮತ್ತೆ ಮತ್ತೆ ಉರುಹೊಡೆಯದೆ ಬೇರೆ ಉದಾಹರಣೆ ಹಾಕಿ ಹೊಸದಾಗಿ ಬರೆಯಿರಿ.

ಕಾರ್ಡ್‌ನ ರೂಪದಲ್ಲೂ ತಪ್ಪಿರಬಹುದು. ಒಂಟಿ ಕಂಜಿ, ಎದುರಿಗೆ ಅದರ ಎಲ್ಲ ಉಚ್ಚಾರ ಎಂದಿದ್ದರೆ ಯಾರಿಗೂ ನೆನಪುಳಿಯುವುದಿಲ್ಲ. ಭಾನುವಾರಕ್ಕೆ 'ನಿಚಿಯೋಬಿ' ಎನ್ನುತ್ತಾರೆ. ಮೊದಲ ಕಂಜಿ, ಕೊನೆಯ ಕಂಜಿ ಎರಡೂ ಒಂದೇ. ಮೊದಲಲ್ಲಿ 'ನಿಚಿ', ಕೊನೆಯಲ್ಲಿ 'ಬಿ'. ಆದ್ದರಿಂದ ಪದವನ್ನೇ ಕಾರ್ಡ್ ಮಾಡಿ, ಒಂದು ಪುಟ್ಟ ವಾಕ್ಯದ ಜೊತೆ. ಸರ್ಕಾರಿ ಪಟ್ಟಿಯಲ್ಲಿ 2,136 ಕಂಜಿ ಇವೆ ಎಂದು ಈಗಲೇ ಎಣಿಸುತ್ತ ಕೂರಬೇಡಿ. ಅಂದಹಾಗೆ ಆಂಕಿ ಕಂಪ್ಯೂಟರ್, ಆಂಡ್ರಾಯ್ಡ್‌ನಲ್ಲಿ ಉಚಿತ. ಐಫೋನ್ ಆಪ್‌ಗೆ ಮಾತ್ರ ದುಡ್ಡು.

ಪ್ರಶ್ನೆ: ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆ ಜೆಎಲ್‌ಪಿಟಿಯ ಮೊದಲ ಹಂತ ಎನ್5 ಕಟ್ಟಲೇಬೇಕೇ?

ಉತ್ತರ: ಪ್ರಮಾಣಪತ್ರ ಕೇಳುವವರು ಇಲ್ಲದಿದ್ದರೆ ಶುಲ್ಕ ಉಳಿಸಿ. ಜೆಎಲ್‌ಪಿಟಿಯಲ್ಲಿ ಮಾತಾಡಿಸುವುದೂ ಇಲ್ಲ, ಬರೆಸುವುದೂ ಇಲ್ಲ, ಎಲ್ಲವೂ ಉತ್ತರ ಆರಿಸುವ ಪ್ರಶ್ನೆಗಳು. ಬೇಕೇ ಬೇಕೆಂದರೆ ಲೆಕ್ಕ ಹೀಗಿದೆ: 180ಕ್ಕೆ 80 ಬಂದರೆ ಪಾಸು, ಆದರೆ ಭಾಷಾಜ್ಞಾನ ಮತ್ತು ಓದಿನ ಭಾಗದಲ್ಲಿ 120ಕ್ಕೆ 38, ಆಲಿಸುವಿಕೆಯಲ್ಲಿ 60ಕ್ಕೆ 19 ಇರಲೇಬೇಕು. ಒಟ್ಟು ಅಂಕ ಸಾಕಷ್ಟಿದ್ದೂ ಆಲಿಸುವಿಕೆಯಲ್ಲಿ 18 ಬಂದರೆ ಫೇಲು. ಓದಿಗೇ ಅಂಟಿಕೊಂಡವರು ಬೀಳುವುದು ಇಲ್ಲೇ. ಇರೊದೊರಿಯ ಧ್ವನಿ ಕಡತಗಳನ್ನು ಬರಹ ನೋಡದೆ ಮೊದಲು ಎರಡು ಸಲ ಕೇಳಿ, ಆಮೇಲೆ ಪುಟ ತೆರೆಯಿರಿ. ಮಾದರಿ ಪ್ರಶ್ನೆಗಳು ಪರೀಕ್ಷೆಯ ಅಧಿಕೃತ ತಾಣದಲ್ಲೇ ಪುಕ್ಕಟೆ ಇವೆ.